ಒಣ ತುಂಡು

ಹೊಲಿಗೆ ಅಂಗಡಿ,
ಬುಧವಾರ, ಮಾರ್ಚ್ ೧೨

ಪ್ರೀತಿಯ ಅಕ್ಕಾ,

ನಿನ್ನ ಗೊಣಗನ ನಮಸ್ಕಾರ. ಹೇಗಿದ್ದೀಯ? ರಾತ್ರಿ ನಿದ್ದೆ ಬರುತ್ತಿದೆಯಾ? ಬಲಮಂಡಿಯ ಊತ ಇಳಿಯಿತಾ, ಇಲ್ಲ ಸಂಜೆಯಾಗುತ್ತಲೇ ಮತ್ತೆ ಉಬ್ಬಿಕೊಳ್ಳುತ್ತಿದೆಯಾ? ಯಾವಾಗಲೂ ಬರೆಯುವ ಹಾಗೆ ‘ಚೆನ್ನಾಗಿದ್ದೇನೆ’ ಅಂತ ಒಂದೇ ಮಾತಿನಲ್ಲಿ ಮುಗಿಸಬೇಡ. ಆ ಮಾತನ್ನು ನಂಬುವ ಕಾಲ ಹೋಯಿತು. ಇಲ್ಲಿ ನಾವಿಬ್ಬರೂ ಇದ್ದೇವೆ. ಇವಳಿಗೆ ನೆಗಡಿ. ನಾನು ಕಿಟಕಿ ತೆಗೆದಿಟ್ಟದ್ದೇ ಕಾರಣವಂತೆ. ಅದೇ ಕಿಟಕಿಯ ಪಕ್ಕ ಮಲಗುವ ನನಗೆ ಯಾಕೆ ನೆಗಡಿಯಾಗಲಿಲ್ಲ ಅಂತ ಕೇಳಿದ್ದಕ್ಕೆ ಬೆಳಗಿನ ಚಹಾಕ್ಕೆ ಸಕ್ಕರೆ ಬೀಳಲಿಲ್ಲ. ಅಂಗಡಿ ಹೇಗೋ ನಡೆಯುತ್ತಿದೆ. ಶಾಲೆಯ ಯೂನಿಫಾರಂ ಕೆಲಸ ಬಂದಿದೆ, ಮೇಜಿನ ಮೇಲೆ ನೀಲಿ ಚಡ್ಡಿಗಳ ಗುಡ್ಡೆ. ಆ ಗುಡ್ಡೆಯನ್ನು ಆಚೆ ತಳ್ಳಿ, ಬಟ್ಟೆಗೆ ಗೆರೆ ಹಾಕುವ ಜಾಗದಲ್ಲೇ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಫೋನಿನಲ್ಲೇ ಹೇಳಬಹುದಿತ್ತು ಅನ್ನುತ್ತೀಯ. ಭಾನುವಾರ ಮಾಡಿದ್ದೆನಲ್ಲ, ಅದು ಇದಕ್ಕೇ. ನಿನ್ನ ದನಿ ಕೇಳಿದ ಕೂಡಲೇ ಮಾತು ಬದಲಿಸಿದೆ. ನಿಮ್ಮಲ್ಲಿ ಸೆಕೆ ಹೇಗಿದೆ, ನಲ್ಲಿ ನೀರು ಸರಿಯಾಗಿ ಬರುತ್ತಿದೆಯಾ ಅಂತ ಏನೇನೋ ಕೇಳಿ ಇಟ್ಟುಬಿಟ್ಟೆ. ನೀನು ಕೊನೆಗೆ ‘ಹೊಸ ಡಬ್ಬಿ ಯಾವಾಗ ಕಳಿಸ್ತೀಯೋ, ಮಾತ್ರೆ ಮುಗೀತಾ ಬಂತು’ ಅಂದೆಯಲ್ಲ, ಆಗ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಅಕ್ಕಾ, ಇನ್ನು ಡಬ್ಬಿ ಬರುವುದಿಲ್ಲ. ನಾನು ಕಳಿಸಿದ ಮಾತ್ರೆಗಳಲ್ಲಿ ಔಷಧಿಯೇ ಇರಲಿಲ್ಲ. ಒಂದರಲ್ಲೂ ಇರಲಿಲ್ಲ. ನೋಡಲು ಮಾತ್ರ ಔಷಧಿಯ ಹಾಗೆ, ಒಳಗೆ ಬರೀ ಹಿಟ್ಟು.

ಮೊದಲಿಂದ ಹೇಳುತ್ತೇನೆ, ಬೈಯುವುದಿದ್ದರೆ ಕೊನೆಗೆ ಒಟ್ಟಿಗೆ ಬೈ. ದೊಡ್ಡಾಸ್ಪತ್ರೆಯಲ್ಲಿ ಮಂಡಿನೋವಿಗೆ ಹೊಸ ಮಾತ್ರೆ ಪರೀಕ್ಷೆ ಮಾಡುತ್ತಿದ್ದಾರೆ, ನನ್ನನ್ನೂ ಸೇರಿಸಿಕೊಂಡರು ಅಂತ ಬರೆದಿದ್ದೆನಲ್ಲ. ಮೊದಲ ದಿನವೇ ಅಲ್ಲಿಯ ನರ್ಸಮ್ಮ ನಮ್ಮನ್ನೆಲ್ಲ ಬೆಂಚಿನ ಮೇಲೆ ಕೂರಿಸಿ ಬಿಡಿಸಿ ಹೇಳಿದ್ದಳು. ಅರ್ಧ ಜನಕ್ಕೆ ಅಸಲಿ ಮಾತ್ರೆ, ಇನ್ನರ್ಧ ಜನಕ್ಕೆ ಹಾಗೇ ಕಾಣುವ ಖಾಲಿ ಮಾತ್ರೆ. ಯಾರಿಗೆ ಯಾವುದು ಅಂತ ನಮಗೂ ಗೊತ್ತಿರಲ್ಲ, ಕೊಡುವ ಅವಳಿಗೂ ಗೊತ್ತಿರಲ್ಲ, ಪರೀಕ್ಷೆ ಮುಗಿದ ಮೇಲೇ ಹೇಳುವುದು. ‘ಈ ಮಾತ್ರೆ ಕೆಲಸ ಮಾಡುತ್ತೆ ಅನ್ನೋದು ಸದ್ಯಕ್ಕೆ ನಮ್ಮ ಊಹೆ ಅಷ್ಟೇ. ಊಹೆ ಸುಳ್ಳಾದ್ರೆ ಅದೂ ನಮಗೆ ಗೊತ್ತಾಗ್ಬೇಕು’ ಅಂದಿದ್ದಳು. ನಾನು ತಲೆಯಾಡಿಸಿದೆ. ಕೇಳಿಸಿಕೊಳ್ಳಲಿಲ್ಲ. ನನಗೆ ಸಿಕ್ಕಿರುವುದು ಅಸಲಿಯೇ ಅಂತ ಮೊದಲ ಮಾತ್ರೆ ನಾಲಿಗೆಯ ಮೇಲಿಟ್ಟ ಕೂಡಲೇ ತೀರ್ಪು ಕೊಟ್ಟುಬಿಟ್ಟೆ. ಆಧಾರ ಏನು ಗೊತ್ತಾ? ಕಹಿಯಾಗಿತ್ತು! ಖಾಲಿ ಮಾತ್ರೆಗೂ ಬೇಕೆಂದೇ ಕಹಿ ಹಾಕಿರುತ್ತಾರಂತೆ. ಈ ಬುದ್ಧಿವಂತನಿಗೆ ಅದೆಲ್ಲಿ ಹೊಳೆಯಬೇಕು.

ಬೆಳಿಗ್ಗೆ ಒಂದು, ರಾತ್ರಿ ಒಂದು ತಗೊಳ್ಳಿ ಅಂದಿದ್ದರು. ಬೆಳಗಿನದು ನಾನು ನುಂಗಿದೆ, ರಾತ್ರಿಯದು ನಿನಗೆ ತೆಗೆದಿಟ್ಟೆ. ಗುಂಡಿಗಳನ್ನು ಹಾಕಿಡುವ ತಗಡಿನ ಡಬ್ಬಿ ಖಾಲಿ ಮಾಡಿ, ಹತ್ತಿ ತುರುಕಿ, ಅಂಚೆಗೆ ಹಾಕುತ್ತಿದ್ದೆ. ಇದರಲ್ಲಿ ತಪ್ಪೇನಾದರೂ ಇದೆ ಅಂತ ದೇವರಾಣೆ ಅನ್ನಿಸಲಿಲ್ಲ. ಅಮ್ಮ ಕೆಲಸದಿಂದ ಬರುವವರೆಗೆ ಇದ್ದ ಒಂದು ಬ್ರೆಡ್ಡನ್ನು ನೀನು ಎರಡು ಮಾಡಿ, ದೊಡ್ಡದು ನನಗೆ ಕೊಟ್ಟು, ಎರಡೂ ಒಂದೇ ಸಮ ಇವೆ ನೋಡು ಅಂತ ಸುಳ್ಳು ಹೇಳುತ್ತಿದ್ದವಳು. ನಿನ್ನ ಕೈಯಲ್ಲಿ ಬೆಳೆದವನಿಗೆ ಸಿಕ್ಕಿದ್ದನ್ನು ಒಬ್ಬನೇ ನುಂಗುವುದು ಬರುವುದಿಲ್ಲ. ನಿನಗೂ ಅದೇ ಕಾಲು, ಅದೇ ನೋವು. ಹಾಸ್ಟೆಲಿನ ಅಡುಗೆಮನೆಯಲ್ಲಿ ಅಷ್ಟು ವರ್ಷ ನಿಂತೇ ಸವೆಸಿದ ಮಂಡಿ ನಿನ್ನದು, ಮೇಲೆ ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯ ಮನೆ. ಹಂಚಿಕೊಂಡು ತಿನ್ನುವುದು ಒಳ್ಳೆಯತನ ಅಂದುಕೊಂಡೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗಿತ್ತು. ನಿನ್ನ ಡಾಕ್ಟರು ಆಪರೇಷನ್ನಿಗೆ ದಿನ ಕೊಟ್ಟಾಗ ದೊಡ್ಡ ಮನುಷ್ಯನ ಹಾಗೆ ಫೋನು ಮಾಡಿ ‘ಕತ್ತರಿ ಹಾಕೋದು ಬಟ್ಟೆಗೆ ಅಕ್ಕಾ, ಕಾಲಿಗಲ್ಲ. ನನ್ನ ನೋಡು, ಮಾತ್ರೆಯಲ್ಲೇ ವಾಸಿಯಾಗ್ತಿದೆ’ ಅಂದೆ. ನೀನು ನಕ್ಕೆ. ನಕ್ಕು, ಆ ದಿನವನ್ನು ಬಿಟ್ಟುಕೊಟ್ಟೆ. ಆ ಮಾತು ಈಗ ನೆನಪಾದರೆ ಕೈಯಲ್ಲಿರುವ ಕತ್ತರಿಯಿಂದ ನನ್ನ ನಾಲಿಗೆಯನ್ನೇ ಕತ್ತರಿಸಿಕೊಳ್ಳೋಣ ಅನ್ನಿಸುತ್ತದೆ.

ಹೋದ ವಾರ ಪರೀಕ್ಷೆ ಮುಗಿಯಿತು ಅಂತ ಕರೆಸಿದರು. ಹೊಸ ಷರ್ಟು ಹಾಕಿಕೊಂಡು ಹೋದೆ, ಸನ್ಮಾನಕ್ಕೆ ಹೋದ ಹಾಗೆ. ನರ್ಸಮ್ಮ ನನ್ನ ಹೆಸರಿನ ಚೀಟಿ ನೋಡಿ ‘ಅಜ್ಜ, ನೀವು ಖಾಲಿ ಮಾತ್ರೆ ಗುಂಪಲ್ಲಿದ್ರಿ’ ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಬಡಪಾಯಿ ಮುದುಕ ಅಂತ ಹಿಟ್ಟು ತಿನ್ನಿಸಿದಿರಾ, ಮೋಸ ಮಾಡೋಕೆ ನಾನೇ ಸಿಕ್ಕಿದೆನಾ ಅಂತ ಕೂಗಾಡಿದೆ. ಹೊರಗೆ ಬೆಂಚಿನ ಮೇಲಿದ್ದವರೆಲ್ಲ ಬಾಗಿಲಲ್ಲಿ ಇಣುಕಿದರು. ಅವಳು ಸಿಟ್ಟಾಗಲಿಲ್ಲ. ನೀರು ಕೊಟ್ಟು, ನಿಧಾನಕ್ಕೆ ಹೇಳಿದಳು. ನೋವು ತನ್ನಷ್ಟಕ್ಕೇ ಏರುತ್ತೆ, ಇಳಿಯುತ್ತೆ. ಚಳಿ ಕಳೆದರೆ ಕಡಿಮೆಯಾಗುತ್ತೆ. ಮಾತ್ರೆ ತಗೊಂಡೆ ಅನ್ನೋ ಧೈರ್ಯಕ್ಕೂ ಕಡಿಮೆಯಾಗುತ್ತೆ, ಯಾರಾದರೂ ಅಕ್ಕರೆಯಿಂದ ವಿಚಾರಿಸಿದರೂ ಕಡಿಮೆಯಾಗುತ್ತೆ. ಎಲ್ಲರಿಗೂ ಅಸಲಿ ಮಾತ್ರೆಯನ್ನೇ ಕೊಟ್ಟುಬಿಟ್ಟರೆ, ಇಳಿದ ನೋವಿನಲ್ಲಿ ಮಾತ್ರೆಯ ಪಾಲೆಷ್ಟು, ಧೈರ್ಯದ ಪಾಲೆಷ್ಟು ಅಂತ ಹೇಗೆ ಹೇಳೋದು? ಅದಕ್ಕೇ ಎರಡು ಗುಂಪು. ಮಿಕ್ಕಿದ್ದೆಲ್ಲ ಎರಡೂ ಕಡೆ ಒಂದೇ ಥರ, ಔಷಧಿ ಮಾತ್ರ ಒಂದು ಕಡೆ.

ಅವಳು ಇನ್ನೂ ಹೇಳುತ್ತಲೇ ಇದ್ದಳು. ನನ್ನ ಬಾಯಿ ಮಾತ್ರ ಅಲ್ಲೇ ಮುಚ್ಚಿಹೋಯಿತು. ಯಾಕೆ ಅಂದರೆ ಅಕ್ಕಾ, ಈ ಕೆಲಸವನ್ನು ನಾನು ಮೀಸೆ ಬಂದಾಗಿನಿಂದ ಮಾಡುತ್ತಿದ್ದೇನೆ. ಹೊಸ ಬಟ್ಟೆಯ ಥಾನು ಬಂತು ಅಂದರೆ ಒಂದೇ ಅಂಚಿನಿಂದ ಎರಡು ತುಂಡು ಕತ್ತರಿಸುತ್ತೇನೆ, ಎರಡೂ ಒಂದೇ ಅಳತೆ. ಒಂದನ್ನು ನೆನೆಹಾಕಿ ಒಣಗಿಸುತ್ತೇನೆ, ಇನ್ನೊಂದನ್ನು ನೀರು ತಾಗಿಸದೆ ಮೇಜಿನ ಖಾನೆಯಲ್ಲಿಡುತ್ತೇನೆ. ಆಮೇಲೆ ಒಂದರ ಮೇಲೊಂದು ಹಾಸಿ ನೋಡಿದರೆ ಬಟ್ಟೆ ಎಷ್ಟು ಕುಗ್ಗಿತು, ಬಣ್ಣ ಎಷ್ಟು ಬಿಟ್ಟಿತು ಅಂತ ತಿಳಿಯುತ್ತದೆ. ಒಣ ತುಂಡಿಲ್ಲದೆ ನೆನೆದ ತುಂಡನ್ನು ಎಷ್ಟು ದಿಟ್ಟಿಸಿದರೂ ಏನೂ ಗೊತ್ತಾಗುವುದಿಲ್ಲ. ಖಾನೆಯಲ್ಲಿಟ್ಟ ಮಾತ್ರಕ್ಕೆ ಒಣ ತುಂಡಿಗೆ ಅವಮಾನವಾಯಿತು ಅಂತ ನಾನು ಯಾವತ್ತಾದರೂ ಅಂದುಕೊಂಡಿದ್ದೇನಾ? ಆಸ್ಪತ್ರೆಯವರು ನನ್ನನ್ನು ಖಾನೆಯಲ್ಲಿಟ್ಟರು, ಅಷ್ಟೇ. ಮೋಸವಲ್ಲ, ಕೆಲಸ ಕೊಟ್ಟದ್ದು. ಮೊದಲೇ ಹೇಳಿ ಕೊಟ್ಟ ಕೆಲಸ. ಕೂಗಾಡಿದ್ದಕ್ಕೆ ನರ್ಸಮ್ಮನ ಮುಖ ನೋಡಲಾಗದೆ ಅವಳ ಮೇಜಿನ ಕಾಲನ್ನು ನೋಡುತ್ತಾ ಕೂತೆ.

ಅಲ್ಲೇ ಆ ಮಾತ್ರೆ ಹಂಚಿದ ವಿಷಯವನ್ನೂ ಹೇಳಿಬಿಟ್ಟೆ. ಅರ್ಧದಷ್ಟೇ ಮಾತ್ರೆ ನುಂಗಿ ಪೂರಾ ನುಂಗಿದೆ ಅಂತ ಬರೆಸಿದ್ದೇನೆ, ಉಳಿದರ್ಧ ಅಕ್ಕನಿಗೆ ಹೋಗಿದೆ ಅಂದೆ. ಅವಳ ಪೆನ್ನು ನಿಂತಿತು. ಬೈದಿದ್ದರೆ ಸುಖವಾಗಿತ್ತು. ‘ಸದ್ಯ, ಖಾಲಿ ಮಾತ್ರೆ ಆಗಿತ್ತು ಅಜ್ಜ. ಅಸಲಿಯಾಗಿದ್ದು, ಅದು ನಿಮ್ಮಕ್ಕನ ಮೈಗೆ ಒಗ್ಗದೇ ಹೋಗಿದ್ರೆ?’ ಅಂದಳು. ನಿನಗೆ ಬಿ.ಪಿ. ಇರುವುದು ನನಗೆ ಗೊತ್ತು. ಗೊತ್ತಿದ್ದೂ ಯಾರನ್ನೂ ಒಂದು ಮಾತು ಕೇಳಲಿಲ್ಲ. ಪ್ರೀತಿ ಅಂದುಕೊಂಡು ಡಬ್ಬಿಗೆ ಏನು ತುಂಬಿದ್ದೇನೆ ಅಂತಲೂ ತಿಳಿಯದೆ ಕಳಿಸುತ್ತಿದ್ದೆ.

ಹಾಗಾದರೆ ನನ್ನ ಮಂಡಿ ಹಗುರಾದದ್ದು ಹೇಗೆ ಅಂತ ಕೇಳುತ್ತೀಯ. ಅದೇ, ಅವಳು ಹೇಳಿದ ಧೈರ್ಯ. ಔಷಧಿ ಒಳಗೆ ಹೋಗಿದೆ ಅಂತ ಮನಸ್ಸು ನಂಬಿತು, ಕಾಲೂ ನಂಬಿರಬೇಕು. ನಿನಗೂ ಹಾಗೇ ಆಗಿರಬಹುದು. ಆದರೆ ಅಂಥ ಧೈರ್ಯ ಮೆಟ್ಟಿಲಿನ ಮೇಲೆ ಎಷ್ಟು ದಿನ ಬಂದೀತು?

ಮೊನ್ನೆ ನಿನ್ನ ಮಗಳು ಫೋನು ಮಾಡಿದ್ದಳು. ನಿನಗೆ ಹೇಳಬೇಡ ಅಂದಿದ್ದಳು, ನಾನು ಹೇಳುತ್ತಿದ್ದೇನೆ, ಅವಳ ಮೇಲೆ ಹಾರಾಡಬೇಡ. ಮೆಟ್ಟಿಲು ಇಳಿಯುವಾಗ ನೀನು ಗೋಡೆಗೆ ಮುಖ ಮಾಡಿ, ಕಂಬಿ ಹಿಡಿದು, ಹಿಮ್ಮುಖವಾಗಿ ಇಳಿಯುತ್ತೀಯಂತೆ. ಮೇಲಿನ ಮನೆಯವರು ಬಂದರೆ ಏನೋ ಬಿದ್ದಿದೆ, ಹುಡುಕುತ್ತಿದ್ದೇನೆ ಅನ್ನುತ್ತೀಯಂತೆ. ನಿನ್ನ ಆಸ್ಪತ್ರೆಯವರು ಮುಂದಿನ ತಿಂಗಳು ಆಪರೇಷನ್ನಿಗೆ ಮತ್ತೊಂದು ದಿನ ಕೊಡುತ್ತೇವೆ, ಸೋಮವಾರದೊಳಗೆ ಹೂಂ ಅನ್ನಿ, ಇಲ್ಲವಾದರೆ ಬೇರೆಯವರಿಗೆ ಹೋಗುತ್ತೆ, ಮತ್ತೆ ವರ್ಷ ಕಾಯಬೇಕು ಅಂದರಂತೆ. ಅದಕ್ಕೆ ನೀನು ‘ನನ್ನ ತಮ್ಮನ ಡಬ್ಬಿ ಬರಲಿ, ನೋಡೋಣ’ ಅಂದೆಯಂತೆ. ತಮ್ಮನ ಡಬ್ಬಿ! ಹೂಂ ಅನ್ನು ಅಕ್ಕಾ. ಸೋಮವಾರದ ತನಕ ಕಾಯಬೇಡ, ಈ ಕಾಗದ ಓದಿ ಮಡಿಸಿಟ್ಟು ಅಲ್ಲಿಗೇ ಫೋನು ಮಾಡು. ನನ್ನ ತಮ್ಮ ಒಬ್ಬ ಪೆದ್ದ, ಅವನ ಮಾತು ಕೇಳಿ ಹಾಳಾದೆ ಅಂತ ಹೇಳು. ಆಪರೇಷನ್ನಿನ ದಿನ ನಾನೂ ಇವಳೂ ಅಲ್ಲಿರುತ್ತೇವೆ. ಯೂನಿಫಾರಂ ಕೆಲಸ ಬೇಕಾದರೆ ಪಕ್ಕದ ಅಂಗಡಿಯವನು ಮುಗಿಸಲಿ.

ನನ್ನನ್ನು ಹೊಟ್ಟೆಗೆ ಹಾಕಿಕೋ ಅನ್ನುವ ಮುಖ ನನಗಿಲ್ಲ. ಆದರೂ ಹಾಕಿಕೊಳ್ಳುತ್ತೀಯ, ನಿನ್ನನ್ನು ಬಲ್ಲೆ, ಅದಕ್ಕೇ ಇನ್ನಷ್ಟು ನಾಚಿಕೆ. ಇವಳು ಮೂಗೊರೆಸುತ್ತಾ ನಿನ್ನನ್ನು ಕೇಳಿದ್ದಾಳೆ. ನಿನ್ನ ಮಗಳಿಗೆ ಮಾವನ ಆಶೀರ್ವಾದ, ಚಾಡಿ ಹೇಳಿದ್ದಕ್ಕೆ ಒಂದು ಕುರ್ತಾ ಹೊಲಿದಿಟ್ಟಿದ್ದೇನೆ ಅನ್ನು. ನೀನು ಚೆನ್ನಾಗಿರಬೇಕು, ನಿನ್ನ ಕಾಲಿಗೆ ನೆಟ್ಟಗೆ ನಡೆಯುವ ಯೋಗ ಬರಬೇಕು.

ನಿನ್ನ ತಮ್ಮ,
ಗೊಣಗ

ಮರೆತದ್ದು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಲಕೋಟೆಗೆ ಅಂಟು ಹಚ್ಚುವ ಹೊತ್ತಿಗೆ ಕೈ ಬರಲಿಲ್ಲ. ಅಂಚೆ ತೆಗೆಯುವವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮಂಡಿ ಹಗುರಾಯಿತು ಅಂತ ಮೇಲೆ ಬರೆದೆನಲ್ಲ, ಅದು ಸುಳ್ಳು. ನನ್ನ ಮಂಡಿ ಒಂದು ದಿನವೂ ಹಗುರಾಗಲಿಲ್ಲ. ಧೈರ್ಯಕ್ಕೂ ಇಲ್ಲ, ಯಾವುದಕ್ಕೂ ಇಲ್ಲ. ಮೊದಲ ಸಲ ನೋವೆಷ್ಟು ಅಂತ ನರ್ಸಮ್ಮ ಕೇಳಿದಾಗ ನನ್ನ ಮುಂದಿದ್ದವನು ‘ಏನೂ ಕಮ್ಮಿಯಾಗಿಲ್ಲ’ ಅಂದ, ಅವಳ ಮುಖ ಬಾಡಿತು. ಮಗಳಂಥ ಹುಡುಗಿ. ಅಷ್ಟು ಅಕ್ಕರೆಯಿಂದ ಕೇಳುವವಳಿಗೆ ಇಲ್ಲ ಅನ್ನಲು ಮನಸ್ಸು ಬಾರದೆ ಕಮ್ಮಿಯಾಗಿದೆ ಅಂದೆ. ಅವಳು ನಕ್ಕಳು. ಮುಂದಿನ ಸಲ ಹೆಚ್ಚಾಗಿದೆ ಅನ್ನುವುದು ಹೇಗೆ? ಇನ್ನೂ ಕಮ್ಮಿ ಅಂದೆ. ಅವಳಿಗೆ ಹೇಳಿದ್ದನ್ನೇ ನಿನಗೂ ಹೇಳಿದೆ, ಆಮೇಲೆ ಅದನ್ನೇ ಹಿಡಿದುಕೊಂಡೆ. ಮನೆಯಲ್ಲಿ ಇವಳಿಗೆ ಮಾತ್ರ ಗೊತ್ತಿತ್ತು ಅನ್ನಿಸುತ್ತದೆ, ಏನೂ ಕೇಳದೆ ಬಚ್ಚಲಲ್ಲಿ ಒಂದು ಸ್ಟೂಲು ತಂದಿಟ್ಟಿದ್ದಳು. ಅಳತೆ ತೆಗೆಯುವಾಗ ಹೊಟ್ಟೆ ಒಳಗೆಳೆದುಕೊಳ್ಳುವ ಗಿರಾಕಿಗಳಿಗೆ ‘ಉಸಿರು ಬಿಡಿ ಸ್ವಾಮಿ, ಟೇಪಿಗೆ ಮೋಸ ಮಾಡಿದ್ರೆ ಪ್ಯಾಂಟು ಹಿಡಿಯುತ್ತೆ’ ಅಂತ ಜನ್ಮವಿಡೀ ಬೈದವನು, ನರ್ಸಮ್ಮನ ಮುಂದೆ ನಾನೇ ಹೊಟ್ಟೆ ಎಳೆದುಕೊಂಡು ನಿಂತೆ. ಒಣ ತುಂಡೇ ‘ನಾನೂ ಕುಗ್ಗಿದೆ’ ಅಂದರೆ ನೆನೆದ ತುಂಡಿನ ಗತಿಯೇನು? ಆ ಮಾತ್ರೆ ನಿಜಕ್ಕೂ ಒಳ್ಳೆಯದಾಗಿದ್ದು, ಖಾಲಿ ಮಾತ್ರೆಗೂ ನೋವು ಅಷ್ಟೇ ಇಳಿಯಿತಲ್ಲ ಅಂತ ನನ್ನಿಂದ ಅದು ಕೆಲಸಕ್ಕೆ ಬಾರದ್ದು ಅನ್ನಿಸಿಕೊಂಡರೆ? ವರದಿ ಇನ್ನೂ ಬರೆದಿಲ್ಲವಂತೆ. ಈ ಕಾಗದ ಅಂಚೆ ಡಬ್ಬಕ್ಕೆ ಹಾಕಿ ನೇರ ಅವಳ ಹತ್ತಿರ ಹೋಗಿ ಹೇಳುತ್ತೇನೆ, ನಗು ಮಾಯವಾಗುವುದಾದರೆ ಆಗಲಿ. ನೀನೂ ಒಂದು ಮಾತು ನಿಜ ಹೇಳು. ನಿನಗೆ ಕಮ್ಮಿಯಾಗಿತ್ತಾ, ಇಲ್ಲ ತಮ್ಮ ಕಳಿಸಿದ್ದಾನೆ, ಬೇಜಾರು ಮಾಡಿಕೊಳ್ಳುತ್ತಾನೆ ಅಂತ ಕಮ್ಮಿಯಾಗಿದೆ ಅಂದೆಯಾ? ನನಗೆ ಹೇಳದಿದ್ದರೂ ಸರಿ. ಡಾಕ್ಟರು ಕೇಳಿದಾಗ ಅವರ ಮುಖ ನೋಡಬೇಡ, ನನ್ನ ಮುಖವನ್ನೂ ನೆನೆಸಿಕೊಳ್ಳಬೇಡ. ನೋಯುತ್ತೆ ಅಂತ ಹೇಳು ಅಕ್ಕಾ. ಎಷ್ಟು ನೋಯುತ್ತೋ ಅಷ್ಟೂ ಹೇಳು.