ಏಂಜಲ್ ಮೀನು ತಂದವರು

ಹೇಮಾ,

ನಾವು ಮಾತು ಬಿಟ್ಟಿದ್ದೇವೆ, ಹಾಗಾಗಿ ಇದನ್ನು ಅಂಚೆಗೆ ಹಾಕುವುದಿಲ್ಲ. ಆದರೂ ನಿನಗೇ ಹೇಳಬೇಕು.

ಗಾಜಿನ ತೊಟ್ಟಿಯಲ್ಲಿದ್ದ ಪುಟ್ಟ ನಿಯಾನ್ ಮೀನುಗಳು ಒಂದೊಂದಾಗಿ ಕಾಣೆಯಾದವು. ಸತ್ತು ತೇಲಿದ್ದೂ ಕಾಣಲಿಲ್ಲ. ಮೊದಲು ಬೆಕ್ಕಿನ ಮೇಲೆ ಅನುಮಾನಪಟ್ಟೆ, ಆಮೇಲೆ ಅತ್ತೆಯ ಮೇಲೆ. ತಮ್ಮ ತವರಿನ ಹುಲಿಕೆರೆ ಕಲ್ಯಾಣಿಯ ಮೀನಿಗೆ ಎರಚುತ್ತಿದ್ದ ಹಾಗೆ ಅವರು ಈ ತೊಟ್ಟಿಗೂ ಮಂಡಕ್ಕಿ ಎರಚುತ್ತಾರೆ.

"ನಾನ್ಯಾಕೆ ಸಾಯಿಸ್ಲವ್ವ, ಅವುಕ್ಕೂ ಹಸಿವಾಗಲ್ವಾ" ಅಂದರು. ನಂಬದೆ ಮಂಡಕ್ಕಿ ಡಬ್ಬ ಬಚ್ಚಿಟ್ಟೆ. ಮೀನು ಮಾತ್ರ ಕಮ್ಮಿಯಾಗುತ್ತಲೇ ಹೋದವು.

ಇವತ್ತು ಅರಸೀಕೆರೆಯಲ್ಲಿ, ಎಸ್‌ಟಿಡಿ ಬೂತಿನಲ್ಲೇ ಸಾಕುವ ಮೀನು ಮಾರುವ ಕುಮಾರನನ್ನು ಕೇಳಿದೆ.

"ಜೊತೇಲಿ ಏಂಜಲ್ ಐತಾ? ಮರಿಯಾಗಿದ್ದಾಗ ಪಾಪದ್ದು ಕಣಕ್ಕ, ಬೆಳೆದ್ಮೇಲೆ ಸಣ್ಣವನ್ನ ನುಂಗ್ತದೆ. ಗೊತ್ತಿರೋರು ಒಟ್ಟಿಗೆ ಬಿಡಲ್ಲ. ಯಾರು ಕೊಟ್ಟಿದ್ದು?"

ನಮ್ಮ ಗೃಹಪ್ರವೇಶದ ದಿನ ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಏಂಜಲ್ ಮರಿ ಹಿಡಿದು ಬಂದವಳು ನೀನು. ಹೊಂದಿಕೊಂಡು ಹೋಗುತ್ತವೆ ಅಂದವಳೂ ನೀನೇ. ಗೊತ್ತಿದ್ದೇ ಕೊಟ್ಟೆಯಾ?

"ನಾನೇ ತಂದಿದ್ದು" ಅಂದೆ.

ಬೂತಿನ ಫೋನು ಖಾಲಿಯಿತ್ತು. ನಿನ್ನ ನಂಬರು ಇನ್ನೂ ಬಾಯಿಪಾಠವಿದೆ. ಏಂಜಲ್‌ಗೆ ಒಂದು ಡಬ್ಬ ಆಹಾರ ಕೊಂಡು ಬಾಣಾವರದ ಬಸ್ಸು ಹತ್ತಿದೆ.