ತೆಪ್ಪದ ಮೇಲಿದ್ದವರು

ಹುತ್ತೂರು ಹೋಬಳಿ, ಕೋಲಾರ ತಾಲ್ಲೂಕು
ತಾ. 4-12-1979, ಮಂಗಳವಾರ

ಪ್ರೀತಿಯ ಭಾರತಕ್ಕನಿಗೆ ತಂಗಿ ಅನಸೂಯಳ ನಮಸ್ಕಾರಗಳು.

ಅಮ್ಮ ನಿನ್ನ ಮನೆ ಸೇರಿದಳಾ? ಮೊದಲು ಅದನ್ನು ಒಂದು ಕಾರ್ಡಿನಲ್ಲಾದರೂ ಬರೆದು ಹಾಕು. ನಿನ್ನೆ ಬೆಳಿಗ್ಗೆ ಲಕ್ಕೂರಿಗೆ ಹೋಗುತ್ತೇನೆಂದು ಹೊರಟಳು. ಬಸ್ಸು ಹತ್ತಿಸಲು ನಾನು ಹೋಗಲಿಲ್ಲ. ಅವಳೇ ಬೇಡ ಅಂದಳು ಎಂದು ಬರೆಯೋಣ ಅಂದುಕೊಂಡೆ. ಹಾಗೇನೂ ಅನ್ನಲಿಲ್ಲ, ನನಗೇ ಕಾಲು ಏಳಲಿಲ್ಲ.

ಅವಳ ಬಲಗೈಗೆ ಸುತ್ತಿರುವ ಬಟ್ಟೆ ನೋಡಿ ನೀನು ಕೇಳಿರುತ್ತೀಯ. ಜಾಲಿ ಮುಳ್ಳು ಅಂದಿರುತ್ತಾಳೆ. ಅದಕ್ಕಿಂತ ಹೆಚ್ಚಿಗೆ ಹೇಳುವವಳಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಈ ಸಲದ ಮಳೆಗೆ ನಮ್ಮ ಕೆರೆ ತುಂಬಿ ಕೋಡಿ ಹರಿಯುತ್ತಿದೆ. ಬಸ್ಸಿನ ರಸ್ತೆಗೆ ಹೋಗುವ ಹಾದಿ ಪೂರಾ ನೀರಲ್ಲಿದೆ, ಹೊಲಗಳ ಮೇಲೆ ಸುತ್ತಿಕೊಂಡು ಹೋದರೆ ಅರ್ಧ ದಿನ ಬೇಕು. ಮೀನಿನ ಕಂಟ್ರಾಕ್ಟು ಹಿಡಿದಿರುವ ವೆಂಕಟರಾಯಪ್ಪ ಎಲ್ಲಿಂದಲೋ ಒಂದು ಮೋಟಾರು ದೋಣಿ ತಂದ. ಖಾಲಿ ಡ್ರಮ್ಮುಗಳ ಮೇಲೆ ಬಿದಿರು ಬಿಗಿದು ತೆಪ್ಪ ಮಾಡಿ, ಅದನ್ನು ದೋಣಿಯ ಹಿಂದಕ್ಕೆ ಹಗ್ಗದಲ್ಲಿ ಕಟ್ಟಿ ಆ ದಡಕ್ಕೆ ಎಳೆದುಕೊಂಡು ಹೋಗುತ್ತಾನೆ. ದೋಣಿಯಲ್ಲಿ ದೊಡ್ಡವರು ಕೂರುತ್ತಾರೆ. ತೆಪ್ಪದಲ್ಲಿ ನಮ್ಮಂಥವರು, ಹಾಲಿನ ಕ್ಯಾನು, ಸೊಪ್ಪಿನ ಮೂಟೆ.

ಹೋದ ವಾರ ನಮ್ಮ ರೇಷ್ಮೆ ಹುಳು ಗೂಡು ಕಟ್ಟಿತ್ತು. ಗೂಡು ಚೆನ್ನಾಗಿ ಬಂದಿತ್ತಕ್ಕಾ. ಅಮ್ಮ ತಿಂಗಳಿಂದ ನಿದ್ದೆಗೆಟ್ಟು ಸೊಪ್ಪು ಹಾಕಿದ್ದರ ಫಲ. ಕೋಲಾರದ ಮಾರ್ಕೆಟ್ಟಿಗೆಂದು ನಾವಿಬ್ಬರೂ ಬುಟ್ಟಿ ಹೊತ್ತು ತೆಪ್ಪ ಹತ್ತಿದೆವು. ನಮ್ಮ ಜೊತೆ ಸೊಣ್ಣಪ್ಪ ಮಾವ, ಆಡು ಹಿಡಿದುಕೊಂಡ ದೊಡ್ಡಗಂಗಮ್ಮ, ಅಷ್ಟೇ ಜನ. ಮುಂದೆ ದೋಣಿಯಲ್ಲಿ ಇವರು ಕೂತಿದ್ದರು. ನಮ್ಮ ಮನೆಯವರೇ. ಪಕ್ಕದಲ್ಲಿ ಹಾಲಿನ ಸಂಘ ನೋಡಲು ಬಂದಿದ್ದ ಆಫೀಸರು. ಇವರನ್ನು ಸಂಘದ ಕಾರ್ಯದರ್ಶಿ ಕೆಲಸದಿಂದ ಸೂಪರ್‌ವೈಸರ್ ಮಾಡುವುದು ಆ ಆಫೀಸರ ಕೈಲಿತ್ತು. ಇವರು ಇಸ್ತ್ರಿ ಷರಟು ಹಾಕಿದ್ದರು. ನಮ್ಮ ಕಡೆ ತಿರುಗಿ ನೋಡಲಿಲ್ಲ. ಕೆಲಸದ ವಿಷಯ ಮಾತಾಡ್ತಿದ್ದಾರೆ, ಇರಲಿ ಅಂದುಕೊಂಡೆ.

ನಡುನೀರಿಗೆ ಹೋದ ಮೇಲೆ ದೋಣಿ ಕೆಮ್ಮಿ ಕೆಮ್ಮಿ ನಿಂತಿತು. ವೆಂಕಟರಾಯಪ್ಪ ಏನೋ ತಿರುವಿ ನೋಡಿ, ತೆಪ್ಪದ ಭಾರ ಜಾಸ್ತಿಯಾಯ್ತು ಸಾರ್, ಇದನ್ನ ಇಲ್ಲೇ ಬಿಟ್ಟು ನಿಮ್ಮನ್ನ ದಡ ಸೇರಿಸಿ ಬರ್ತೀನಿ ಅಂದ. ಮೋಟಾರು ನಿಂತಿತ್ತಲ್ಲ, ಅಲ್ಲಿ ಆಡಿದ ಮಾತೆಲ್ಲ ನೀರಿನ ಮೇಲೆ ಜಾರಿಕೊಂಡು ನಮಗೆ ಬರುತ್ತಿತ್ತು. ಅಮ್ಮ ಎದ್ದು ನಿಂತು ತೆಲುಗಿನಲ್ಲೇ ಕೂಗಿದಳು:

“ಅಲ್ಲುಡೂ, ತಾಡು ಇಪ್ಪೊದ್ದನಿ ಚೆಪ್ಪು ನಾಯನಾ!”

ಅಳಿಯಂದಿರೇ, ಹಗ್ಗ ಬಿಚ್ಚಬೇಡ ಅಂತ ಹೇಳಪ್ಪಾ ಎಂದು ಅವಳು ಗೋಗರೆದದ್ದು ಆಫೀಸರಿಗೆ ಅರ್ಥವಾಗಲಿಲ್ಲ. ಅವರು ಧಾರವಾಡದ ಕಡೆಯವರು. ಪಾಪ, ಒಳ್ಳೆಯ ಮನುಷ್ಯ. ಹೆಂಗಸರಿದ್ದಾರೆ, ನಿಧಾನವಾಗಿಯೇ ಹೋಗೋಣ ಅಂದರು. ಆಮೇಲೆ ಇವರನ್ನು ಕೇಳಿದರು, ಆ ಮುದುಕಿ ನಿಮ್ಮನ್ನೇ ಕರೀತಿರೋ ಹಾಗಿದೆ, ನಿಮ್ಮವರಾ ಅಂತ.

“ಇಲ್ಲ ಸಾರ್. ಯಾರೋ ಆಂಧ್ರದ ಕಡೆ ಕೂಲಿಯೋರು” ಅಂದರು ಇವರು.

ಅಕ್ಕಾ, ಆ ಹೊತ್ತಿನಲ್ಲಿ ನನಗೆ ಭಯವೇ ಆಗಲಿಲ್ಲ. ಸೊಣ್ಣಪ್ಪ ಮಾವ, ದೊಡ್ಡಗಂಗಮ್ಮ ನನ್ನ ಮುಖ ನೋಡದೆ ಬೇರೆ ಕಡೆ ತಿರುಗಿಕೊಂಡರಲ್ಲ, ಅದೇ ನನ್ನನ್ನು ಸುಟ್ಟಿತು. ದೊಡ್ಡಗಂಗಮ್ಮ ಸುಮ್ಮನೆ ಆಡಿನ ಬೆನ್ನು ಸವರುತ್ತಾ ಕೂತಳು.

ಒಂದೇ ಗಳಿಗೆ ಸಾರ್ ಅಂತ ಆಫೀಸರನ್ನು ಒಪ್ಪಿಸಿ ವೆಂಕಟರಾಯಪ್ಪ ಹಗ್ಗ ಬಿಚ್ಚಿ, ಮೋಟಾರು ಎಬ್ಬಿಸಿಕೊಂಡು ಹೋದ. ವೆಂಕಟರಾಯಪ್ಪ ತಿರುಗಿ ಬರಲಿಲ್ಲ. ಆ ದಡದಲ್ಲಿ ಮೀನಿನ ಬುಟ್ಟಿ ತುಂಬಿಸಿಕೊಂಡು ಅವನ ಕೆಲಸಕ್ಕೆ ಅವನು ಹೋದನಂತೆ. ಗಾಳಿಗೆ ತೆಪ್ಪ ಕೋಡಿಯ ಕಡೆಗೆ ಸರಿಯತೊಡಗಿತು. ಕೋಡಿ ನೀರು ಬೀಳುವ ಸದ್ದು ಹತ್ತಿರವಾಗುತ್ತಾ ಬಂತು. ನೀರಲ್ಲಿ ಮುಳುಗಿ ತಲೆ ಮಾತ್ರ ಕಾಣುತ್ತಿದ್ದ ಜಾಲಿ ಮರದ ಪಕ್ಕ ಹೋಗುವಾಗ ಅಮ್ಮ ಬಗ್ಗಿ ಕೊಂಬೆ ಹಿಡಿದುಬಿಟ್ಟಳು, ಬರಿಗೈಯಲ್ಲಿ. ಬಿಡು ಅಮ್ಮಾ ಅಂದರೂ ಬಿಡಲಿಲ್ಲ. ಸೊಣ್ಣಪ್ಪ ಮಾವ ತನ್ನ ಪಂಚೆ ಬಿಚ್ಚಿ ತೆಪ್ಪವನ್ನು ಮರಕ್ಕೆ ಕಟ್ಟುವವರೆಗೂ ಹಿಡಿದೇ ಇದ್ದಳು. ತೆಪ್ಪ ವಾಲಿದಾಗ ಎರಡು ಬುಟ್ಟಿ ಗೂಡೂ ನೀರಿಗೆ ಹೋಯಿತು. ಬಿಳೀ ಗೂಡುಗಳು ತೇಲಿಕೊಂಡು ಕೋಡಿಯ ಮೇಲಿಂದ ಒಂದೊಂದೇ ಇಳಿದವು. ಹೊತ್ತು ಇಳಿಯುವಾಗ ಬಲೆ ಹಾಕಲು ಬಂದವರು ನಮ್ಮನ್ನು ನೋಡಿ ದಡಕ್ಕೆ ತಳ್ಳಿಕೊಂಡು ಬಂದರು.

ಮನೆಗೆ ಬಂದ ಇವರು ನನ್ನ ಹತ್ತಿರ ಗೂಡಿನ ವಿಷಯ ಕೇಳಿದರು. ಹೋಗಲಿ ಬಿಡು, ಮುಂದಿನ ಬೆಳೆಗೆ ನೋಡೋಣ ಅಂದರು. ತೆಪ್ಪದ ವಿಷಯ ನಾನು ಕೇಳಲಿಲ್ಲ. ಕೇಳಿದರೆ ಅವರು ಏನಾದರೊಂದು ಹೇಳಬೇಕಾಗುತ್ತಿತ್ತು, ಅದನ್ನು ಕೇಳಿಸಿಕೊಂಡು ನಾನು ಈ ಮನೆಯಲ್ಲಿ ಬಾಳಬೇಕಾಗುತ್ತಿತ್ತು. ಅಮ್ಮ ಹಿಂದಿನಂತೆಯೇ ಅವರಿಗೆ ನೀರು ಕಾಯಿಸಿಟ್ಟಳು.

ಭಾನುವಾರ ಆಫೀಸರನ್ನು ಊಟಕ್ಕೆ ಕರೆದುಕೊಂಡು ಬಂದರು. ಸೂಪರ್‌ವೈಸರ್ ಕೆಲಸ ಆಗೇ ಹೋಯ್ತು ಅನ್ನುವ ಹಾಗಿತ್ತು. ಒಬ್ಬಟ್ಟು ಮಾಡಿದ್ದೆವು. ನಾನು ಎಲೆಗೆ ಅನ್ನ ಬಡಿಸುವಾಗ ಆಫೀಸರು ನನ್ನನ್ನೇ ನೋಡಿ, ಆವತ್ತು ತೆಪ್ಪದ ಮೇಲಿದ್ದವರು ನೀವಲ್ಲವಾ ತಾಯಿ ಅಂದರು. ಇವರ ಕೈ ಎಲೆಯ ಮೇಲೇ ನಿಂತುಹೋಯಿತು. ತಲೆ ಎತ್ತಲಿಲ್ಲ. ಹೌದು ಅನ್ನಬೇಕೆಂದು ಬಾಯಿ ತೆರೆದೆ. ದೇವರಾಣೆ ಅದಕ್ಕೇ ತೆರೆದೆ.

“ಇಲ್ಲ ಸಾರ್, ಆವತ್ತು ನಾನು ಮನೆ ಬಿಟ್ಟು ಹೊರಟೇ ಇಲ್ಲ.”

ಇವರು ಮತ್ತೆ ಅನ್ನ ಕಲೆಸತೊಡಗಿದರು. ಆ ಹೊತ್ತಿಗೆ ಅಮ್ಮ ಒಳಗೆ ಒಬ್ಬಟ್ಟು ಬೇಯಿಸುತ್ತಿದ್ದಳು. ಅವಳಿಗೆ ಕೇಳಿಸಿರಲಾರದು. ಮಾರನೆಯ ಬೆಳಿಗ್ಗೆ ಗಂಟು ಕಟ್ಟಿದಳು.

ಇವರಿಗೆ ಆರ್ಡರು ಬಂದಿಲ್ಲ, ಬರುತ್ತದೆ. ಬಂದ ದಿನ ಊರವರು ಬಂದು ನನಗೆ ಸಂತೋಷ ಹೇಳುತ್ತಾರೆ. ಸೊಣ್ಣಪ್ಪ ಮಾವನೂ ಬರುತ್ತಾನೆ. ನಾನು ಅವರ ಮುಂದೆ ಸಕ್ಕರೆ ತಟ್ಟೆ ಹಿಡಿಯಬೇಕು.

ಭಾವನಿಗೆ ಈ ಕಾಗದ ತೋರಿಸಬೇಡ. ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ಅಮ್ಮನಿಗೆ ಬಿಸಿನೀರಲ್ಲಿ ಕೈ ಅದ್ದಿಸು, ಹರಿಶಿನ ಹಚ್ಚು.

ನಿನ್ನ ತಂಗಿ,
ಅನಸೂಯ

ಮತ್ತೆ: ಅಂಟು ಹಾಕುವ ಮೊದಲು ಒಂದು ಸಲ ಓದಿಕೊಂಡೆ. ಅಮ್ಮ ಒಳಗಿದ್ದಳು ಎಂದು ಬರೆದಿದ್ದೇನೆ. ಇಲ್ಲ ಅಕ್ಕಾ. ಒಬ್ಬಟ್ಟಿನ ತಟ್ಟೆ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದಳು. ಆಫೀಸರು ಅವಳ ಕೈಯ ಬಟ್ಟೆ ನೋಡಿ, ಹಾಗಾದರೆ ಈ ಅಜ್ಜಿ ಯಾರು ಅಂತ ಕೇಳಿದರು. ಕೇಳಿದ್ದು ನನ್ನನ್ನು, ಇವರನ್ನಲ್ಲ. ಅಡುಗೆಗೆ ಕರೆಸಿಕೊಂಡಿದ್ದೀವಿ ಸಾರ್ ಅಂದೆ. ಅಮ್ಮ ಅವರ ಎಲೆಗೆ ಒಂದು, ಇವರ ಎಲೆಗೆ ಒಂದು ಒಬ್ಬಟ್ಟು ಹಾಕಿ ಒಳಗೆ ಹೋದಳು. ಬೆಳಿಗ್ಗೆ ಹೊಸಿಲು ದಾಟುವಾಗ ನನ್ನನ್ನು ನೋಡಿ, “ಹೋಗ್ಬರ್ತೀನಿ ಕಣಮ್ಮ” ಅಂದಳು. ಹುಟ್ಟಿದಾಗಿನಿಂದ ಅಮ್ಮ ನನ್ನ ಹತ್ತಿರ ತೆಲುಗು ಬಿಟ್ಟು ಕನ್ನಡದಲ್ಲಿ ಮಾತಾಡಿದ್ದು ಅದೇ ಮೊದಲು.