ಆಯುಧಪೂಜೆಯ ದಿನ ತಣ್ಣಗಿದ್ದ ಬಸ್ಸು

ಬಡವನಹಳ್ಳಿ
ಸ್ವಭಾನು ಸಂವತ್ಸರದ ಕಾರ್ತಿಕ ಮಾಸ, ಬುಧವಾರ
ತಾರೀಖು ೧೦–೧೧–೧೯೪೩

ಶಿರಾದಲ್ಲಿರುವ ಯಜಮಾನರ ಪಾದಗಳಿಗೆ ದಾಕ್ಷಾಯಣಿಯ ಶರಣು. ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ನಾನು ಉಂಡು ಉಟ್ಟು ಇದ್ದೇನೆ, ಅಷ್ಟನ್ನೇ ಕ್ಷೇಮವೆಂದು ತಿಳಿಯಿರಿ.

ನಿಮ್ಮ ಕಾಗದ ಸೋಮವಾರ ಬಂತು. ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ ನೀವು ನನಗೆ ಬರೆದ ಮೊದಲ ಕಾಗದ. ಅದರಲ್ಲಿ ಅರ್ಧ ನಿಮ್ಮ ಕ್ಲೀನರ್ ಅಡವಯ್ಯನಿಗೆ ಬೈಗುಳ, ಉಳಿದರ್ಧ ಶಿರಾದ ಸಾಬರ ಮೋಟಾರು ಷೆಡ್ಡಿನಲ್ಲಿ ಊಟ ಸರಿಯಿಲ್ಲವೆಂಬ ದೂರು. ಹೆಂಡತಿ ಹೇಗಿದ್ದಾಳೆಂದು ಕೇಳುವುದಕ್ಕೆ ಕಾಗದದಲ್ಲಿ ಜಾಗ ಸಾಲಲಿಲ್ಲವೇನೋ. ಇರಲಿ, ಜಗಳಕ್ಕೆಂದು ಕೂತಿಲ್ಲ. ಬರುವ ಸೋಮವಾರ ಮಧುಗಿರಿಯ ತಾಲ್ಲೂಕು ಕಚೇರಿಯಲ್ಲಿ ವಿಚಾರಣೆಯಿದೆ, ಅಲ್ಲಿ ನೀವು ಸಾಕ್ಷಿ ಹೇಳುತ್ತೀರಿ, ‘ಬೆಂಕಿ ಆರಿಸಬೇಡವೆಂದು ನಾನು ಹೇಳಿದ್ದೆ, ಅಡವಯ್ಯ ಆರಿಸಿದ’ ಎನ್ನುತ್ತೀರಿ, ಆಮೇಲೆ ಬಸ್ಸಿನ ಸಾಹುಕಾರ ನಂದೀಶ್ವರಯ್ಯನವರು ನಿಮ್ಮನ್ನು ಮತ್ತೆ ಡ್ರೈವರ್ ಕೆಲಸಕ್ಕೆ ಸೇರಿಸಿಕೊಳ್ಳುತ್ತಾರೆ ಎಂದು ಬರೆದಿದ್ದೀರಿ. ಅಡವಯ್ಯನಿಗೆ ಜೈಲಾದರೂ ಆಗಬಹುದು, ಹಿಂದೆ ಮುಂದೆ ಯಾರೂ ಇಲ್ಲದವನು, ಅಲ್ಲಿ ಎರಡು ಹೊತ್ತು ಅನ್ನವಾದರೂ ಸಿಗುತ್ತದೆ ಎಂದೂ ಬರೆದಿದ್ದೀರಿ. ಆ ಸಾಲನ್ನು ಎರಡು ಸಲ ಓದಿದೆ. ಕೈ ನಿಮ್ಮದೇ, ಮಾತು ಸಾಹುಕಾರರದು ಅನ್ನಿಸಿತು.

ನೀವು ಆ ಸಾಕ್ಷಿ ಹೇಳಬಾರದು. ಅದನ್ನು ಹೇಳಲೆಂದೇ ಈ ಕಾಗದ. ಯಾಕೆಂದು ಬರೆಯಬೇಕು, ಆದರೆ ಬೆಳಗಿನಿಂದ ಮೂರು ಹಾಳೆ ಹರಿದಿದ್ದೇನೆ. ಕೊರಟಗೆರೆಯ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದ ನಮ್ಮಪ್ಪ, ‘ಬರೆಯಲು ಬಾರದಿದ್ದರೆ ನಡೆದದ್ದನ್ನು ನಡೆದ ಹಾಗೆ ಬರಿ’ ಎನ್ನುತ್ತಿದ್ದರು. ಹಾಗೇ ಬರೆಯುತ್ತೇನೆ.

ಆಷಾಢದಲ್ಲಿ ಅಮಲ್ದಾರರು ನಮ್ಮೂರ ಚಾವಡಿಗೆ ಬಂದು ಸಭೆ ಮಾಡಿದ್ದು ನಿಮಗೆ ನೆನಪಿದೆಯಲ್ಲ. ಕರೇಕಲ್ಲಹಟ್ಟಿಯ ಮೇಲಿನ ಕೆರೆಯ ಏರಿ ಸಡಿಲವಾಗಿದೆ, ಒಡೆದರೆ ಹಟ್ಟಿ ಉಳಿಯುವುದಿಲ್ಲ ಎಂದರು. ಹಟ್ಟಿಗೂ ನಮ್ಮೂರಿಗೂ ನಡುವೆ ಹಳ್ಳ. ಕೋಡಿ ಬಿದ್ದರೆ ಸೆಳವಿಗೆ ಆ ಹಳ್ಳವನ್ನು ನಡೆದು ದಾಟಲಾಗದು, ಆದರೆ ನೀರು ಮೊಳಕಾಲಿನವರೆಗೆ ಇರುವ ತನಕ ಬಸ್ಸು ದಾಟುತ್ತದೆ. ಆದ್ದರಿಂದ ಪಾವಗಡದ ದಾರಿಯ ನಮ್ಮ ಇದ್ದಿಲು ಬಸ್ಸು ಬಡವನಹಳ್ಳಿಯಲ್ಲಿ ನಿಂತಿರುವಷ್ಟು ಹೊತ್ತೂ ಹಿಂದಿನ ಡ್ರಮ್ಮಿನಲ್ಲಿ ಇಂಜಿನ್ನಿಗೆ ಗ್ಯಾಸು ಕೊಡುವ ಕೆಂಡ ಆರಬಾರದು, ಸುದ್ದಿ ಬಂದ ಕೂಡಲೇ ಹೊರಡಬೇಕು, ಮೊದಲ ಟ್ರಿಪ್ಪಿಗೆ ಬಾಣಂತಿಯರು, ಮುದುಕರು, ಕೂಸುಗಳು. ಚಾವಡಿಯ ಕಂಬಕ್ಕೆ ಅದನ್ನೆಲ್ಲ ಬರೆಸಿ ಅಂಟಿಸಿದರು. ಆಪತ್ತಿಗೆಂದು ಒಂದು ಡಬ್ಬ ಪೆಟ್ರೋಲು ಕಳಿಸುತ್ತೇವೆ ಎಂದರು. ಯುದ್ಧದ ಕಾಲ, ಅದು ಬರಲೇ ಇಲ್ಲ.

ಒಂದು ದಿನ ಅಭ್ಯಾಸವೂ ಆಯಿತು. ನೀವು ಕಾಲು ಗಂಟೆಯೊಳಗೆ ಹಟ್ಟಿಯ ತಿರುವಿನಲ್ಲಿ ಬಸ್ಸು ನಿಲ್ಲಿಸಿದಿರಿ. ನಮಗೆ ಬೆಣ್ಣೆ ತರುವ ಹಟ್ಟಿಯ ಗೌರಕ್ಕ ಅದೇ ಮೊದಲು ಬಸ್ಸು ಹತ್ತಿದ್ದು. ಊರು ಮುಟ್ಟುವಷ್ಟರಲ್ಲಿ ವಾಂತಿ ಮಾಡಿಕೊಂಡು, ‘ಸಾಯಾಕೆ ಕೆರೆನೇ ಬೇಕಾ, ನಿಮ್ ಬಸ್ಸೇ ಸಾಕು ಕಣಮ್ಮ’ ಎಂದು ನಕ್ಕಳು. ಆದರೂ ಅವತ್ತಿನಿಂದ ಹಟ್ಟಿಯವರಿಗೆ ನಂಬಿಕೆ ಬಂತು. ಬಸ್ಸು ಬರುತ್ತದೆ, ನಾವು ತಿರುವಿನಲ್ಲಿ ನಿಂತಿದ್ದರೆ ಸಾಕು ಎಂಬ ನಂಬಿಕೆ.

ಆಯುಧಪೂಜೆಯ ದಿನ ಬೆಳಿಗ್ಗೆ ಹತ್ತಕ್ಕೆ ನೀವು ಮಧುಗಿರಿಯಿಂದ ಬಂದಿರಿ. ಮೂರು ದಿನ ಹೊಯ್ದ ಮಳೆ ಅವತ್ತು ನಿಂತು ಬಿಸಿಲು ಬಂದಿತ್ತು. ಇನ್ನು ಮಾರನೆಯ ದಿನ ಬನ್ನಿ ಮುಡಿಯುವ ತನಕ ಬಸ್ಸು ಅಲುಗುವುದಿಲ್ಲವೆಂದು ಊರಿಗೆಲ್ಲ ಗೊತ್ತು. ನೀವು ಅಡವಯ್ಯನಿಗೆ ಕೆಂಡ ಕಾಯ್ದಿಡಲು ಹೇಳಿ ಬೂದುಗುಂಬಳ, ಬಾಳೆಕಂದು ತರಲು ಹೋದಿರಿ. ನೀವು ಹೇಳಿದ್ದು ನಿಜ. ನನ್ನ ಕಿವಿಯಾರೆ ಕೇಳಿದ್ದೇನೆ.

ನೀವು ತಿರುಗಿ ಬರುವಷ್ಟರಲ್ಲಿ ಮನೆ ಮುಂದಿನ ಬಸ್ಸು ಥಳಥಳಿಸುತ್ತಿತ್ತು. ಮಸಿ ಹಿಡಿದ ಡ್ರಮ್ಮು ಕೂಡ ಮದುವಣಗಿತ್ತಿಯ ಹಾಗೆ ವಿಭೂತಿ, ಅರಿಶಿನ ಬಳಿದುಕೊಂಡು ನಿಂತಿತ್ತು. ನೀವು ಮೆಚ್ಚಿಕೊಂಡು ನೋಡಿದಿರಿ. ಸುಡುವ ಡ್ರಮ್ಮಿಗೆ ವಿಭೂತಿಪಟ್ಟೆ ಎಳೆಯುವುದು ಹೇಗೆಂದು ಒಂದು ಮಾತೂ ಕೇಳಲಿಲ್ಲ. ಈಗ ಹೇಳುತ್ತೇನೆ.

ಅಡವಯ್ಯನನ್ನು ಅಲ್ಲಿಂದ ಕಳಿಸಿದವಳು ನಾನು. ‘ಮಸಿ ಮೈಯಲ್ಲಿ ಪೂಜೆಗೆ ನಿಲ್ಲುತ್ತೀಯಾ? ಹೋಗಿ ಸ್ನಾನ ಮಾಡಿ ನಮ್ಮ ಹಿತ್ತಲಲ್ಲಿ ಊಟಕ್ಕೆ ಕೂರು, ಒಬ್ಬಟ್ಟು ಬಿಸಿಯಾಗಿದೆ’ ಎಂದೆ. ಅವನು ಕದಲಲಿಲ್ಲ. ‘ಅಕ್ಕಾರೇ, ಬೆಂಕಿ ಆರ್ಬಾರ್ದು ಅಂತ ಅಯ್ಯನೋರು ಹೇಳವ್ರೆ, ಅವ್ರು ಬರೋಗಂಟ ಇಲ್ಲೇ ಇರ್ತೀನಿ’ ಎಂದ. ‘ನಾನು ನೋಡಿಕೊಳ್ಳುತ್ತೇನೆ, ನಡಿ’ ಎಂದು ಗದರಿದೆ. ನನ್ನ ಮಾತು ಮೀರುವುದು ಹೇಗೆಂದು ಹೋದ. ಅವನು ಬಾಗಿಲು ದಾಟಿದ ಮೇಲೆ ನಾಲ್ಕು ಕೊಡ ನೀರು ಹೊತ್ತು ತಂದು ಡ್ರಮ್ಮಿನೊಳಕ್ಕೆ ಸುರಿದೆ.

ಬರೆದುಬಿಟ್ಟೆ. ಇನ್ನು ಈ ಹಾಳೆ ಹರಿಯುವುದಿಲ್ಲ.

ಯಾಕೆ ಸುರಿದೆ ಎಂದು ಕೇಳುತ್ತೀರಿ. ನಿಮ್ಮ ತಾಯಿ ಇದ್ದಾಗ ಆಯುಧಪೂಜೆಗೆ ಮನೆಯ ಕುಡುಗೋಲು, ಕೊಡಲಿ, ಒನಕೆ ಎಲ್ಲ ತೊಳೆದು ಒರೆಸಿ ಇಡುತ್ತಿದ್ದರು. ದುಡಿಯುವ ವಸ್ತುವಿಗೂ ಒಂದು ದಿನ ಬಿಡುವು ಬೇಕು, ಅವತ್ತು ಅದು ಶುದ್ಧವಾಗಿ ತಣ್ಣಗಿರಬೇಕು ಎನ್ನುತ್ತಿದ್ದರು. ಹೊಟ್ಟೆಯಲ್ಲಿ ಬೆಂಕಿ, ಬೂದಿ ಇಟ್ಟುಕೊಂಡ ಬಸ್ಸಿಗೆ ಆರತಿ ಎತ್ತಲು ನನಗೆ ಮನಸ್ಸು ಒಪ್ಪಲಿಲ್ಲ. ಇದು ಒಂದು ಕಾರಣ, ಜನರ ಮುಂದೆ ಹೇಳಬಹುದಾದದ್ದು. ಇನ್ನೊಂದೂ ಇದೆ. ಹೋದ ವರ್ಷ ಪೂಜೆಗೆ ಬಂದಿದ್ದ ಸಾಹುಕಾರರ ಹೆಂಡತಿ ಸೆರಗಿಗೆ ಮಸಿ ತಾಗಿತೆಂದು ಮೂಗು ಮುರಿದು, ಡ್ರೈವರ್ ಮನೆಯವರಿಗೆ ಚೊಕ್ಕಟ ತಿಳಿಯದು ಎಂದಿದ್ದಳು. ಈ ವರ್ಷ ಅವಳು ಬಂದು ನೋಡಲಿ ಎಂಬ ಹಟ ನನಗೆ. ಅವಳು ಬರಲೂ ಇಲ್ಲ.

ಕೆರೆಯ ಮಾತು ಮನಸ್ಸಿಗೆ ಬರಲಿಲ್ಲವೇ ಎಂದರೆ, ಬಂತು. ಮಳೆ ನಿಂತಿದೆಯಲ್ಲ, ಇದೊಂದು ದಿನಕ್ಕೆ ಏನಾದೀತು ಅಂದುಕೊಂಡೆ.

ಮೂರು ಗಂಟೆಗೆ ಹಟ್ಟಿಯ ಜುಂಜಪ್ಪ ಓಡಿಬಂದ. ಏರಿ ಬಿರಿದಿದೆ, ಕೋಡಿ ಬೀಳಲು ಗೇಣು ಉಳಿದಿದೆ ಎಂದ. ನಮ್ಮಲ್ಲಿ ಮಳೆ ನಿಂತಿದ್ದರೂ ಮೇಲಿನ ಗುಡ್ಡಗಳ ನೀರು ಆಗಷ್ಟೇ ಕೆರೆಗೆ ಇಳಿದಿತ್ತು. ನೀವು ಡ್ರಮ್ಮಿನ ಮೇಲೆ ಕೈ ಇಟ್ಟಿರಿ. ಆಮೇಲೆ ಊರವರೆದುರು ಅಡವಯ್ಯನ ಕೆನ್ನೆಗೆ ಹೊಡೆದಿರಿ. ಅವನು ಜನರ ತಲೆಗಳ ಮೇಲಿಂದ ನನ್ನನ್ನು ನೋಡಿದ. ನಾನು ಬಾಯಿ ಬಿಡಲಿಲ್ಲ. ಅವನು ಡ್ರಮ್ಮಿಗೆ ಹೊಸ ಇದ್ದಿಲು ತುಂಬಿ ಹೊತ್ತಿಸಿ ಗಾಳಿ ಹೊಡೆಯುವ ಚಕ್ರಕ್ಕೆ ಕೈ ಹಾಕಿ ತಿರುಗಿಸತೊಡಗಿದ. ಒಳಗಿನ ಇಟ್ಟಿಗೆಯೆಲ್ಲ ನೀರು ಕುಡಿದಿತ್ತು. ಎಂದಿನ ಅರ್ಧ ಗಂಟೆಯ ಕೆಲಸಕ್ಕೆ ಎರಡು ಗಂಟೆ ಹಿಡಿಯಿತು. ಅವನ ಅಂಗೈ ಕಿತ್ತು ರಕ್ತ ಬಂದರೂ ಅವನು ಹಿಡಿಕೆ ಬೇರೆಯವರಿಗೆ ಕೊಡಲಿಲ್ಲ.

ಮುಂದಿನದು ನಿಮಗೆ ಗೊತ್ತು. ಆದರೂ ನಡೆದದ್ದನ್ನು ಬರೆಯುತ್ತೇನೆ ಎಂದೆನಲ್ಲ. ನಾವು ಹಳ್ಳದ ದಡ ಮುಟ್ಟಿದಾಗ ನೀರು ಎದೆ ಮಟ್ಟ ಹರಿಯುತ್ತಿತ್ತು. ಆಚೆ ತಿರುವಿನಲ್ಲಿ ಜನ ನಿಂತಿರುವುದು ಕಾಣುತ್ತಿತ್ತು. ನಿಮ್ಮ ಹಾರನ್ನು ಕೇಳಿ ಅವರು ಕೈ ಬೀಸಿದರು. ಗುಡ್ಡ ಹತ್ತಿ ಎಂದು ಈಚೆಯಿಂದ ಎಲ್ಲರೂ ಕೂಗಿದೆವು, ನೀರಿನ ಸದ್ದಿಗೆ ಕೇಳಲಿಲ್ಲ. ಬಸ್ಸು ಬಂದಿತಲ್ಲ, ಇನ್ನೇನು ದಾಟುತ್ತದೆ ಎಂದು ಅವರು ಗಂಟು ಎತ್ತಿಕೊಂಡು ಇನ್ನೂ ಕೆಳಗಿಳಿದು ಬಂದರು. ಆಗ ಕೆರೆಯ ಏರಿ ಒಡೆದುಹೋಯಿತು.

ಒಂಬತ್ತು ಜನ. ಬಸ್ಸನ್ನು ನಂಬದೆ ಮೊದಲೇ ಗುಡ್ಡ ಹತ್ತಿದವರು ಉಳಿದರು. ತಿರುವಿನಲ್ಲಿ ಕಾದವರು ಹೋದರು. ಗೌರಕ್ಕನ ಮಗಳು ರಂಗಕ್ಕ ಹನ್ನೊಂದು ದಿನದ ಬಾಣಂತಿ. ಹಟ್ಟಿಯವರ ಸೂತಕದ ಕಟ್ಟಳೆಯಂತೆ ಹಟ್ಟಿಯ ಹೊರಗೆ, ತಗ್ಗಿನಲ್ಲಿ, ಸೊಪ್ಪಿನ ಗುಡಿಸಲಲ್ಲಿ ಕೂಸಿನ ಜೊತೆ ಇದ್ದಳು. ಬಸ್ಸಿನಲ್ಲಿ ಮೊದಲ ಜಾಗ ಅವಳದೇ ಎಂದು ಚಾವಡಿಯ ಕಾಗದದಲ್ಲೇ ಇತ್ತು. ಮೂರನೆಯ ದಿನ ಅವಳು ಸಿಕ್ಕಳು. ಕೂಸು ಸಿಗಲಿಲ್ಲ. ಹಬ್ಬಕ್ಕೆ ಬೆಣ್ಣೆ ತಂದು ನಮ್ಮ ಮನೆಯಲ್ಲೇ ಉಳಿದಿದ್ದ ಗೌರಕ್ಕ ಈಚೆ ದಡದಲ್ಲಿ ನನ್ನ ಪಕ್ಕದಲ್ಲಿ ನಿಂತು ಅದನ್ನೆಲ್ಲ ನೋಡಿದಳು. ಅವಳ ಕೈ ನಾನು ಹಿಡಿದುಕೊಂಡಿದ್ದೆ. ಯಾವ ಮುಖ ಹೊತ್ತು ಹಿಡಿದುಕೊಂಡಿದ್ದೆನೋ ತಿಳಿಯದು.

ಹೋದ ವಾರ ಅಡವಯ್ಯನ ಬಿಡಾರಕ್ಕೆ ಹೋದೆ. ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ‘ನಿಮ್ ಹೆಸ್ರು ನನ್ ಬಾಯಾಗೆ ಹೆಂಗೆ ಬಂದಾತು ಅಕ್ಕಾರೇ? ಒಬ್ಬಟ್ಟು ಉಂಡು ಅಲ್ಲೇ ಮಲಗ್ಬುಟ್ಟೆ. ನಾನು ಕಾವಲು ಬುಟ್ಟು ಹೋಗಿದ್ದು ಸುಳ್ಳಾ?’ ಎಂದ. ನಾನೊಂದು ಮಾತು ಹೇಳಿದ್ದರೆ ಉಳಿಯುತ್ತಿದ್ದ ಮನುಷ್ಯ ಒಂದು ತಿಂಗಳಿಂದ ಊರವರ ಉಗುಳು ತಿಂದು ಬದುಕಿದ್ದಾನೆ. ಹಟ್ಟಿಯ ಗಂಡಸರು ಅವನ ಬಾಗಿಲಿಗೆ ಕಲ್ಲು ಹೊಡೆದು ಹೋಗಿದ್ದಾರೆ. ನಾನು ಎದುರು ಮನೆಯ ಜಗುಲಿಯಲ್ಲಿ ಕೂತು, ಪಾಪ ಅವನೇನು ಬೇಕೆಂದು ಮಾಡಿದನೇ ಎಂದು ನಾಲ್ಕು ಹೆಂಗಸರ ಜೊತೆ ಲೊಚಗುಟ್ಟಿದ್ದೇನೆ. ನನ್ನ ಮೇಲೆ ನನಗೇ ಹೇಸಿಗೆ.

ಸೋಮವಾರ ನಾನೇ ಕಚೇರಿಗೆ ಬಂದು ಇದನ್ನೆಲ್ಲ ಹೇಳುತ್ತೇನೆ. ಹೆಂಗಸಿನ ಮಾತು ಯಾರು ಬರೆದುಕೊಳ್ಳುತ್ತಾರೆ ಎನ್ನಬೇಡಿ, ಬರೆದುಕೊಳ್ಳುವ ತನಕ ಮೆಟ್ಟಿಲ ಮೇಲೆ ಕೂರುತ್ತೇನೆ. ಆಮೇಲೆ ಸಾಹುಕಾರರು ನಿಮ್ಮನ್ನು ಸೇರಿಸಿಕೊಳ್ಳುವುದಿಲ್ಲ. ನೀವು ನನ್ನನ್ನು ಸೇರಿಸಿಕೊಳ್ಳುತ್ತೀರೋ ಇಲ್ಲವೋ ಅದೂ ನಿಮಗೆ ಬಿಟ್ಟದ್ದು. ಬೇಡುವುದು ಒಂದೇ. ನನಗಿಂತ ಮೊದಲು ನಿಮ್ಮನ್ನು ಕರೆದರೆ ಅಡವಯ್ಯನ ಹೆಸರು ಎತ್ತಬೇಡಿ. ಅವನ ಮೇಲೆ ನಿಮಗೆ ಮಗನಂಥ ವಿಶ್ವಾಸವಿತ್ತು. ಆ ಏಟು ನನಗೆ ಬೀಳಬೇಕಾಗಿತ್ತು.

ಬುತ್ತಿ ಕಟ್ಟಿಕೊಂಡು ಬರುತ್ತೇನೆ. ಕಚೇರಿಯ ಹುಣಸೆಮರದ ಕೆಳಗೆ ಸಿಕ್ಕರೆ ಉಣ್ಣುವಿರಂತೆ.

ಇಂತಿ
ನಿಮ್ಮ ದಾಕ್ಷಾಯಣಿ

ಮರೆತ ಮಾತು: ಅಂಟಿಸುವ ಮೊದಲು ಈ ಕಾಗದವನ್ನು ಗೌರಕ್ಕನಿಗೆ ಓದಿ ಹೇಳಿದೆ. ನಿಮಗಿಂತ ಮೊದಲು ಅವಳಿಗೆ ತಿಳಿಯಬೇಕಾಗಿತ್ತು. ಕೊನೆಯವರೆಗೂ ಕೇಳಿದಳು. ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಎಂದುಕೊಂಡಿದ್ದೆ. ‘ಬೆಂಕಿ ಆರ್ದೆ ಇದ್ದಿದ್ರೂ, ಹಸಿ ಬಾಣಂತೀನ ಪೂಜೆ ಆದ್ ಬಸ್ಸಿಗೆ ಹತ್ತುಸ್ಕೊಂತಿದ್ರಾ ಅವ್ವಾ?’ ಎಂದು ಕೇಳಿದಳು. ಲಿಂಗವಂತರಾದ ನಮಗೆ ಸೂತಕವಿಲ್ಲ ಎನ್ನಲು ಬಾಯಿ ತೆರೆದೆ. ಆಗ ನೆನಪಾಯಿತು, ಅವತ್ತು ಜುಂಜಪ್ಪ ಬಂದು ಮೊದಲು ಹತ್ತಿಸಬೇಕಾದ ಬಾಣಂತಿ ಇದ್ದಾಳೆ ಎಂದಾಗ, ಬಾಳೆಕಂದು ಬಿಚ್ಚುತ್ತಿದ್ದ ನಿಮ್ಮ ಕೈ ನಿಂತಿತು, ನೀವು ನನ್ನ ಮುಖ ನೋಡಿದಿರಿ, ನಾನು ಅವಳನ್ನು ಹತ್ತಿಸುವುದು ಬೇಡವೆಂದು ತಲೆಯಾಡಿಸಿದೆ. ಡ್ರಮ್ಮು ತಣ್ಣಗಿದೆಯೆಂದು ನಿಮಗೆ ತಿಳಿದದ್ದು ಆಮೇಲೆ. ಇದನ್ನೂ ಅವಳಿಗೆ ಹೇಳಿದೆ. ಸೋಮವಾರ ಅವಳೂ ಕಚೇರಿಗೆ ಬರುತ್ತಾಳೆ. ನನ್ನ ಜೊತೆ ಬಸ್ಸಿನಲ್ಲಿ ಬಾ ಎಂದೆ. ಬೇಡವಂತೆ, ಭಾನುವಾರವೇ ಹೊರಟು ನಡೆದು ಬರುತ್ತಾಳಂತೆ.